ಕಾವು ಗಟ್ಟಿ, ಕಾವಲು ಸಡಿಲ

ಹಿತ್ತಲಲ್ಲಿ ಕೆದಕಿಕೊಂಡು ಬದುಕುವ ಸಣ್ಣ ಮೈಕಟ್ಟಿನ ನಾಟಿ ಕೋಳಿಯ ಬಗ್ಗೆ ನಮ್ಮಲ್ಲಿ ಎರಡೇ ತೀರ್ಪುಗಳಿವೆ. ಸಂತೆಯವರ ಪ್ರಕಾರ ಅದರ ಸಾರಿನ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಕೋಳಿ ಸಾಕಣೆಯ ಕೈಪಿಡಿಗಳ ಪ್ರಕಾರ ಅದು ಶುದ್ಧ ದಂಡ. ಕೈಪಿಡಿಯ ಲೆಕ್ಕ ಸುಳ್ಳಲ್ಲ: ನಾಟಿ ಹೇಂಟೆ ವರ್ಷಕ್ಕೆ ಇಡುವುದು 50–60 ಮೊಟ್ಟೆ, ಅದೂ ಮೂರು ನಾಲ್ಕು ಸುತ್ತಿನಲ್ಲಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಅದರ ಎರಡು ಪಟ್ಟಿಗೂ ಮಿಕ್ಕಿ ಇಡುತ್ತದೆ, ಆಮೇಲೆ ಬಂದ ಸ್ವರ್ಣಧಾರಾ ಹತ್ತಿರ ಹತ್ತಿರ ಮೂರು ಪಟ್ಟು. ಆದರೆ ಈ ತಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಕೂರುವ ಚಾಳಿಯನ್ನು ತಳಿ ಮಾಡುವವರು ತೆಗೆದುಹಾಕಿದ್ದರಿಂದಲೇ ಅಷ್ಟು ಮೊಟ್ಟೆ. ಒಂದು ಪೀಳಿಗೆ ಮುಗಿಯಿತೆಂದರೆ ಮತ್ತೆ ಮರಿಕೇಂದ್ರದ ಬಾಗಿಲಿಗೆ ಹೋಗಬೇಕು. ಮಿಶ್ರತಳಿಯಾದ್ದರಿಂದ ಮನೆಯಲ್ಲೇ ಮರಿ ಮಾಡಿಸಿದರೂ ತಾಯಿಯ ಗುಣ ಮಗಳಿಗೆ ಇಳಿಯುವ ಭರವಸೆಯಿಲ್ಲ.

ಹಾಗಾಗಿ ನಾಟಿ ಹೇಂಟೆಯನ್ನು ಮೊಟ್ಟೆ ಎಣಿಸಿ ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಎಣಿಸಬೇಕಾದ್ದು ಎರಡು ತಿಂಗಳು ದಾಟಿ ಉಳಿದ ಮರಿಗಳನ್ನು. ಹಾಗೆ ಎಣಿಸಿದರೆ ಈ ಸಾಕಣೆಯಲ್ಲಿ ಕೋಳಿಯ ಪಾಲಿನ ಕೆಲಸ ಅಚ್ಚುಕಟ್ಟಾಗಿಯೂ ಮನುಷ್ಯರ ಪಾಲಿನದು ಅರೆಬರೆಯಾಗಿಯೂ ಕಾಣುತ್ತದೆ.

ಕೋಳಿಯ ಪಾಲನ್ನೇ ಮೊದಲು ನೋಡೋಣ. ಹತ್ತು ಹನ್ನೆರಡು ಮೊಟ್ಟೆ ಇಟ್ಟ ಮೇಲೆ ಹೇಂಟೆ ಗರಿ ಕೆದರಿಕೊಂಡು, ಹತ್ತಿರ ಹೋದರೆ ಗುರುಗುಟ್ಟುತ್ತಾ ಗೂಡಿನಲ್ಲೇ ಉಳಿದುಬಿಡುತ್ತದೆ. ಎದೆಯಡಿಯ ಗರಿ ಉದುರಿ ಬರಿ ಚರ್ಮವೇ ಮೊಟ್ಟೆಗೆ ತಾಗುತ್ತದೆ. ಯಂತ್ರದಲ್ಲಿ 37.5 ಡಿಗ್ರಿ ಹಿಡಿದಿಡಲು ನಾವು ಪಡುವ ಪಾಡನ್ನು ಅದು ಮೈಯಿಂದಲೇ ನೀಗಿಸುತ್ತದೆ. ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಹೊರಳಿಸದಿದ್ದರೆ ಒಳಗಿನ ಭ್ರೂಣ ಪೊರೆಗೆ ಅಂಟಿ ಸಾಯುತ್ತದೆ. ದಿನಕ್ಕೊಮ್ಮೆ ಇಪ್ಪತ್ತು ನಿಮಿಷದ ಮಟ್ಟಿಗೆ ಎದ್ದು, ಗಬಗಬ ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಿ, ಊರೆಲ್ಲ ನಾರುವಂಥ ಹಿಕ್ಕೆ ಹಾಕಿ ಮರಳುತ್ತದೆ. ಅಷ್ಟು ಹೊತ್ತು ಮೊಟ್ಟೆ ತಣ್ಣಗಾದರೆ ಕೆಡುವುದಿಲ್ಲ. ಎದ್ದ ಹೇಂಟೆಯನ್ನು ಅಟ್ಟಿಸಿಕೊಂಡು ಗೂಡಿಗೆ ನೂಕುವ ಅಗತ್ಯವೇ ಇಲ್ಲ. ಕೊನೆಯ ದಿನಗಳಲ್ಲಿ ಮೊಟ್ಟೆಯೊಳಗಿಂದ ಮರಿ ಚಿಂಯ್‌ಗುಟ್ಟುತ್ತದೆ, ತಾಯಿ ಕೆಳದನಿಯಲ್ಲಿ ಉತ್ತರ ಕೊಡುತ್ತದೆ. 21ನೇ ದಿನಕ್ಕೆ ಹೊರಬಂದ ಮರಿಯ ಹೊಟ್ಟೆಯಲ್ಲಿ ಎರಡು ದಿನಕ್ಕೆ ಸಾಲುವಷ್ಟು ಹಳದಿ ಉಳಿದಿರುತ್ತದೆ. ಹಿಂದುಳಿದ ಮೊಟ್ಟೆಗಳಿಗಾಗಿ ತಾಯಿ ಕಾಯಬಲ್ಲದು. ಕರೆಂಟ್ ಹೋದರೆ ಎದೆ ಹೊಡೆದುಕೊಳ್ಳುವ ಕೆಲಸವಿಲ್ಲ. ಮರಿ ಇಳಿದ ಮೇಲೆ ಬಲ್ಬು ಹಾಕಿ ಬಿಸಿ ಮಾಡುವ ಕೆಲಸವೂ ಅದರ ರೆಕ್ಕೆಯಡಿಯೇ ನಡೆಯುತ್ತದೆ. ಇಪ್ಪತ್ತು ಕೋಳಿಗಿಂತ ಕಡಿಮೆ ಸಾಕುವವರು ಆನ್‌ಲೈನಿನಲ್ಲಿ ಇನ್‌ಕ್ಯುಬೇಟರ್ ಹುಡುಕುವುದು ನನಗೆ ವ್ಯರ್ಥ ಖರ್ಚಾಗಿಯೇ ಕಾಣುತ್ತದೆ.

ಕಾವು ಕೆಟ್ಟರೆ ಬಹಳ ಸಲ ತಪ್ಪು ಇಟ್ಟವರದು. ಚಿಕ್ಕ ಹೇಂಟೆಯ ಕೆಳಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಮೊಟ್ಟೆ ಹಿಡಿಯುವುದಿಲ್ಲ. ಆಸೆಗೆ ಹದಿನಾರು ಇಟ್ಟರೆ ಹೊರಗುಳಿದ ನಾಲ್ಕು ಮಾತ್ರ ಹಾಳಾಗುತ್ತವೆ ಎಂದುಕೊಳ್ಳಬೇಡಿ. ಹೇಂಟೆ ಅಂಚಿನದನ್ನು ಒಳಗೆ, ಒಳಗಿನದನ್ನು ಅಂಚಿಗೆ ಸರಿಸುತ್ತಲೇ ಇರುವುದರಿಂದ ತಣ್ಣಗಾಗುವ ಸರದಿ ಒಂದೊಂದಾಗಿ ಎಲ್ಲಕ್ಕೂ ಬರುತ್ತದೆ. ಮೊಟ್ಟೆ ಕೂಡಿಡುವ ವಿಷಯದಲ್ಲಿ ಹಳಬರು ಜಾಣರಾಗಿದ್ದರು. ರಾಗಿ ಮಡಕೆಯಲ್ಲೋ ಅಕ್ಕಿ ಡಬ್ಬದಲ್ಲೋ ಹುದುಗಿಸಿಡುತ್ತಿದ್ದರು, ತಂಪಾಗಿರುತ್ತಿತ್ತು. ಈಗ ಒಲೆಯ ಪಕ್ಕದ ಶೆಲ್ಫಿನಲ್ಲಿಡುತ್ತಾರೆ. ಏಪ್ರಿಲ್ ಸೆಕೆಗೆ ಮೊಟ್ಟೆಯೊಳಗಿನ ಜೀವ ಅರ್ಧಂಬರ್ಧ ಬೆಳೆಯಲು ತೊಡಗಿ ಅಲ್ಲೇ ನಿಂತುಹೋಗುತ್ತದೆ. ಮೂರು ವಾರದ ನಂತರ ಕೊಳೆತ ಮೊಟ್ಟೆ ಸಿಕ್ಕಾಗ ದೂರು ಬೀಳುವುದು ಗುಡುಗಿನ ಮೇಲೆ. ಗುಡುಗಿಗೆ ಕೆಡದಿರಲಿ ಎಂದು ಗೂಡಿನಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವುದುಂಟು. ಇಟ್ಟರೆ ನಷ್ಟವೇನಿಲ್ಲ. ಆದರೆ ಅದೇ ಇದ್ದಿಲಿನಿಂದ ಪ್ರತಿ ಮೊಟ್ಟೆಗೂ ಒಂದು ಗೀರು ಎಳೆದಿಟ್ಟರೆ ದೊಡ್ಡ ಉಪಯೋಗವಿದೆ. ಕಾವಿನ ಗೂಡಿಗೆ ಬೇರೆ ಹೇಂಟೆಗಳು ಬಂದು ಇಟ್ಟುಹೋಗುವ ಮೊಟ್ಟೆ ಗುರುತು ಸಿಗುತ್ತದೆ, ಸಂಜೆ ತೆಗೆದುಬಿಡಬಹುದು. ಇಲ್ಲದಿದ್ದರೆ ಮೊದಲ ಮರಿಗಳು ಇಳಿದ ಒಂದೆರಡು ದಿನದಲ್ಲಿ ತಾಯಿ ಅವನ್ನು ಕರೆದುಕೊಂಡು ಹೊರಡುತ್ತದೆ, ಅರ್ಧ ಕಾವಾದವು ಗೂಡಿನಲ್ಲೇ ತಣ್ಣಗಾಗುತ್ತವೆ. ಇನ್ನು ಹೇನು. ಮೂರು ವಾರ ಅಲುಗದೆ ಕೂತ ಮೈಗೆ ಅದು ಮುತ್ತಿಕೊಂಡರೆ ಎಂಥ ಹಟದ ಹೇಂಟೆಯೂ ಎದ್ದುಹೋಗುತ್ತದೆ. ಗೂಡಿಗೆ ಬೂದಿ ಉದುರಿಸಿ, ಬೇವಿನ ಸೊಪ್ಪು ಹಾಸುವ ರೂಢಿ ಉಳಿಸಿಕೊಳ್ಳಬೇಕಾದ್ದೇ.

ಉಳಿಸಿಕೊಳ್ಳಬಾರದ ರೂಢಿಯೂ ಒಂದಿದೆ. ಕಾವು ಬೇಡವಾದಾಗ ಹೇಂಟೆಯ ಮೂಗಿನ ಹೊಳ್ಳೆಗೆ ಅದರದೇ ಗರಿ ತೂರಿಸುವುದು, ಬಕೆಟ್ಟಿನ ನೀರಿಗೆ ಅದ್ದುವುದು. ಇದು ಹಿಂಸೆ, ಬೇರೇನೂ ಅಲ್ಲ. ತಳದಲ್ಲಿ ಗಾಳಿಯಾಡುವ ಜಾಲರಿ ಪಂಜರದಲ್ಲಿ, ಗೂಡಿನ ಹುಲ್ಲಿಲ್ಲದೆ, ನೀರು ಕಾಳು ಕೊಟ್ಟು ಮೂರು ನಾಲ್ಕು ದಿನ ಬಿಟ್ಟರೆ ಹೊಟ್ಟೆಯ ಬಿಸಿ ಇಳಿದು ಕಾವಿನ ಗುಂಗು ತಾನಾಗಿ ಬಿಡುತ್ತದೆ.

ಮರಿ ಇಳಿದ ದಿನ ಮನೆಯಲ್ಲಿ ಸಂಭ್ರಮ. ಸೋಲು ಶುರುವಾಗುವುದೂ ಅಂದಿನಿಂದಲೇ. ಮೇಲೆ ಹದ್ದು, ಬೇಲಿಯಲ್ಲಿ ಕೆಂಬೂತ ಮತ್ತು ಮುಂಗುಸಿ, ಜಗಲಿಯಲ್ಲಿ ಬೆಕ್ಕು. ತಾಯಿ ಕೂಗೆಬ್ಬಿಸಿ ಮರಿಗಳನ್ನು ಅಡಗಿಸಬಲ್ಲದು, ಕಾಗೆಯ ಮೇಲೆ ಹಾರಿ ಬೀಳಬಲ್ಲದು. ಕಿಲೋ ಕಿಲೋಕಾಲು ತೂಗುವ ಹಕ್ಕಿಯಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನ್ಯಾಯವಲ್ಲ. ಮೊದಲ ಮೂರು ನಾಲ್ಕು ವಾರ ತಾಯಿ ಮರಿಗಳನ್ನು ಒಟ್ಟಿಗೆ ಮಂಕರಿಯಡಿ ಕವುಚಿಟ್ಟು, ಜನ ಅಂಗಳದಲ್ಲಿರುವ ಹೊತ್ತಿಗಷ್ಟೇ ಬಿಡುವುದು ಗೊತ್ತಿದ್ದೂ ಮಾಡದ ಕೆಲಸ. ಮೇವಿನದೂ ಅದೇ ಕಥೆ. ಒಂದು ಹಿಡಿ ನುಚ್ಚು ಎರಚಿದರೆ ದೊಡ್ಡ ಕೋಳಿಗಳು ಬಾಚಿಕೊಳ್ಳುತ್ತವೆ. ಮರಿ ಮಾತ್ರ ನುಸುಳುವಷ್ಟು ಸಂದಿನ ಬುಟ್ಟಿ ಕವುಚಿ ಅದರೊಳಗೆ ಮೇವಿಟ್ಟರೆ ಅವಕ್ಕೆ ದಕ್ಕುತ್ತದೆ. ನುಚ್ಚಿನಿಂದ ಹೊಟ್ಟೆ ತುಂಬಬಹುದು, ಗರಿ ಕಟ್ಟುವುದಿಲ್ಲ. ಗೆದ್ದಲು ಹಿಡಿದ ಕಟ್ಟಿಗೆಯನ್ನು ಮರಿಗಳ ಮುಂದೆ ಒಡೆದು ಹಾಕುವ ಅಜ್ಜಿಯರಿಗೆ ಪ್ರೋಟೀನ್ ಎಂಬ ಹೆಸರು ಗೊತ್ತಿಲ್ಲದಿರಬಹುದು, ಮರಿಗೆ ಏನು ಬೇಕೆಂದು ಗೊತ್ತು.

ಇವೆಲ್ಲ ಸರಿಹೋದರೂ ಕೊಕ್ಕರೆ ರೋಗ ಬಂದರೆ ಕೇರಿಗೆ ಕೇರಿಯೇ ಖಾಲಿ. ಕುಮಾವೂನ್ ಬೆಟ್ಟದ ರಾಣಿಖೇತ್ ಊರಿನ ಹೆಸರು ಹೊತ್ತ ಈ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎಂಟು ವಾರದ ಸುಮಾರಿಗೆ ಆರ್‌2ಬಿ ಚುಚ್ಚುಮದ್ದು. ಹಿತ್ತಲ ಕೋಳಿಯವರು ಲಸಿಕೆ ಹಾಕಿಸುವುದಿಲ್ಲ ಎಂದು ಬೈಯುವವರು ಆ ಶೀಶೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಅದರಲ್ಲಿರುವುದು ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು. ಮಂಜುಗಡ್ಡೆಯಲ್ಲೇ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಮರಿಯ ಒಡತಿ ಉಳಿದ ತೊಂಬತ್ತೆರಡು ಹನಿಯನ್ನು ಏನು ಮಾಡಬೇಕು? ಶೆಡ್ಡಿನವರನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಶೀಶೆ ಅದು. ಬೀದಿಯ ಎಲ್ಲ ಮನೆಯ ಮರಿಗಳಿಗೂ ಒಂದೇ ಸಂಜೆ, ಗೂಡು ಸೇರಿದ ಮೇಲೆ ಹಾಕಿಸುವುದೊಂದೇ ದಾರಿ. ಸ್ತ್ರೀಶಕ್ತಿ ಗುಂಪಿನ ಸಭೆಗಳಲ್ಲಿ ಸಾಲದ ಕಂತಿನ ಜೊತೆ ಈ ತಾರೀಖನ್ನೂ ಗೊತ್ತುಮಾಡಬಹುದು.

ಪೇಟೆಯಲ್ಲಿ ಈಚೆಗೆ ತಾರಸಿಯ ಮೇಲೆ ಸಿಲ್ಕಿ ಮೊದಲಾದ ಬ್ಯಾಂಟಮ್‌ಗಳನ್ನು ಸಾಕುವ ಹುಚ್ಚು ಹಬ್ಬಿದೆ. ಕಾವಿಗೆ ಸಿಲ್ಕಿಯನ್ನು ಮೀರಿಸಿದ್ದಿಲ್ಲ, ಬಾತುಕೋಳಿಯ ಮೊಟ್ಟೆ ಇಟ್ಟರೂ ಕೂರುತ್ತದೆ. ಆದರೆ ಅದರ ರೇಷ್ಮೆಯಂಥ ಗರಿಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ, ನೀರು ನೇರ ಚರ್ಮಕ್ಕಿಳಿಯುತ್ತದೆ. ಮಲೆನಾಡಿನ ಮಳೆಗೆ ಅದನ್ನು ಒಯ್ಯುವವರು ಎರಡು ಸಲ ಯೋಚಿಸಲಿ. ನಮ್ಮ ಬೋಳು ಕುತ್ತಿಗೆಯ ನಾಟಿಯೇ ಸೆಕೆಗೂ ಸೈ, ನೋಡಲು ಚೆಂದವಿಲ್ಲ ಅಷ್ಟೆ.

ನನ್ನ ದೊಡ್ಡ ತಕರಾರು ಇರುವುದು ಹುಂಜದ ಆಯ್ಕೆಯಲ್ಲಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಆ ಒಂದನ್ನು ಆರಿಸುವವರು ಯಾರು? ತುಳುನಾಡಿನಲ್ಲಿ ಅಂಕದ ಕೋಳಿಗೆ ಕುಕ್ಕುಟ ಪಂಚಾಂಗವೇ ಇದೆ. ಬಣ್ಣ, ವಾರ, ನಕ್ಷತ್ರ, ವಂಶ ಎಲ್ಲವನ್ನೂ ವಿಚಾರಿಸುತ್ತಾರೆ. ಕಾನೂನು ಬೇಡವೆಂದ ಆಟಕ್ಕೆ ಇರುವ ಆ ಶ್ರದ್ಧೆ, ಮನೆಯ ಸಂತಾನಕ್ಕೆ ಇಲ್ಲ. ಬಯಲುಸೀಮೆಯ ಹಿತ್ತಲಲ್ಲಂತೂ ಆಯ್ಕೆ ಉಲ್ಟಾ ನಡೆಯುತ್ತದೆ. ತೂಕವಾಗಿ ಬೆಳೆದ ಹುಂಜ ಮಾರಮ್ಮನ ಹರಕೆಗೆ, ಅದರ ಮುಂದಿನದು ವರ್ಷತೊಡಕಿನ ಬಾಡೂಟಕ್ಕೆ, ಮೂರನೆಯದು ನೆಂಟರಿಗೆ. ಉಳಿದ ಬಡಕಲು ಪಡ್ಡೆ ಅಕ್ಕತಂಗಿಯರ ಜೊತೆಗೇ ಕೂಡಿ ಮುಂದಿನ ಪೀಳಿಗೆಗೆ ತಂದೆಯಾಗುತ್ತದೆ. ನಾಲ್ಕಾರು ವರ್ಷ ಹೀಗೇ ನಡೆದರೆ ಗೊಡ್ಡು ಮೊಟ್ಟೆ ಹೆಚ್ಚುತ್ತವೆ, ಮರಿ ಸೊರಗುತ್ತವೆ, ಮನೆಯವರು ಕಣ್ಣು ಬಿತ್ತು ಎನ್ನುತ್ತಾರೆ. ಹಿಂದೆ ಹೇಂಟೆಯನ್ನು ಪಾಲಿಗೆ ಕೊಡುವ ಪದ್ಧತಿಯಿಂದ ಮರಿಗಳು ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗಿ ರಕ್ತ ತಾನಾಗಿ ಬದಲಾಗುತ್ತಿತ್ತು. ಈಗ ಅದು ಕಡಿಮೆಯಾಗಿರುವಾಗ ಪಕ್ಕದೂರಿನವರೊಡನೆ ಹುಂಜ ಅದಲುಬದಲು ಮಾಡಿಕೊಳ್ಳುವುದನ್ನು ಯಾರೂ ತಡೆದಿಲ್ಲ.

ಹರಕೆಯ ಹುಂಜವನ್ನು ಉಳಿಸಿಕೊಳ್ಳಿ ಎಂದು ಹೇಳುವ ಧೈರ್ಯ ನನಗಿಲ್ಲ. ಅಮ್ಮನಿಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ಹಬ್ಬಕ್ಕೆ ಮುಂಚಿನ ಎರಡು ಮೂರು ವಾರ ಬಡಕಲು ಪಡ್ಡೆಗಳನ್ನು ಬೇರೆ ಕೂಡಿಹಾಕಿ ಅದೊಂದನ್ನೇ ಹೇಂಟೆಗಳ ಜೊತೆ ಬಿಡಬಹುದು. ಹೇಂಟೆಯ ಒಡಲು ಹುಂಜದ ಬೀಜವನ್ನು ವಾರದಾಚೆಗೂ ಕಾಪಾಡಿಕೊಳ್ಳುತ್ತದೆ. ಪಡ್ಡೆಗಳನ್ನು ಹೊರಗೆ ಬಿಡದೆ ಇದ್ದರೆ, ಹರಕೆ ತೀರಿದ ನಂತರದ ಒಂದು ವಾರದ ಮೊಟ್ಟೆಗಳೂ ಆ ಹುಂಜದವೇ. ಅವನ್ನು ಅಡುಗೆಮನೆಗೆ ಒಯ್ಯದೆ, ಇದ್ದಿಲ ಗೀರು ಎಳೆದು ಕಾವಿಗೆ ಇಡಿ.