ಎರಡನೆಯ ಬೆಣೆ

ಎರಡನೆಯ ಮಹಾಯುದ್ಧದ ಜಪಾನಿ ಸೇನಾಧಿಕಾರಿಗಳ ಖಡ್ಗಗಳನ್ನು ಕುರಿತ ಬರವಣಿಗೆಯ ಬಹುಪಾಲು ಒಂದೇ ತೀರ್ಪನ್ನು ಉರು ಹೊಡೆದಂತಿದೆ. ಕಬ್ಬಿಣದ ಮರಳನ್ನು ಇದ್ದಿಲಿನೊಡನೆ ಕುಲುಮೆಯಲ್ಲಿ ಕಾಸಿ ಪಡೆಯುವ ‘ತಮಹಗಾನೆ’ ಉಕ್ಕಿನ ಅಲಗು ಕಲೆಯೆನ್ನಿಸಿಕೊಳ್ಳುತ್ತದೆ. ಕಾರ್ಖಾನೆಯ ಉಕ್ಕನ್ನು ನೀರಿನ ಬದಲು ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ ‘ಶೋವಾತೊ’ ಕಸವೆನ್ನಿಸಿಕೊಳ್ಳುತ್ತದೆ.

ಯುದ್ಧಕಾಲದ ಅಭಾವವೇನೋ ನಿಜ. 1941ರ ಲೋಹ ಸಂಗ್ರಹದ ಆಜ್ಞೆಯಿಂದ ದೇಗುಲದ ಗಂಟೆಗಳೂ ಕರಗಿದ ನಾಡಿನಲ್ಲಿ ಖಡ್ಗದ ಹಿತ್ತಾಳೆಯ ಹೂಬಳ್ಳಿಯ ಬದಲು ಬಣ್ಣ ಬಳಿದ ಕಬ್ಬಿಣವೂ, ಹಿಡಿಕೆಗೆ ಸುತ್ತುತ್ತಿದ್ದ ತೊರಕೆ ಮೀನಿನ ಚರ್ಮದ ಬದಲು ಸೆಲ್ಯುಲಾಯ್ಡೂ ಬಂದವು; 1935ರ ಮಾದರಿಯ, ಹವಾಲ್ದಾರ ದರ್ಜೆಯವರ ಖಡ್ಗದಲ್ಲಿ ಲೋಹದ ಹಿಡಿಕೆಯೇ ಹೋಗಿ, ಗೀರು ಕೆತ್ತಿದ ಮರದ ತುಂಡು ಉಳಿಯಿತು. ಯುದ್ಧದ ಕೊನೆಯ ವರ್ಷಗಳ ಕೆಲವು ಅಲಗುಗಳು ಒರಟಾಗಿವೆ ಎಂಬುದನ್ನು ಅಲ್ಲಗಳೆಯಬೇಕಿಲ್ಲ.

ಆದರೆ ವಿಮರ್ಶಕರು ಹಿಡಿಕೆಯೊಳಗೆ ಇಣುಕುವುದಿಲ್ಲ. ಜಪಾನಿ ಖಡ್ಗದಲ್ಲಿ ಅಲಗಿನ ಬಾಲವನ್ನು ಮರದ ಹಿಡಿಕೆಯೊಳಗೆ ತೂರಿಸಿ, ಎರಡನ್ನೂ ಅಡ್ಡಲಾಗಿ ಹಾಯುವ ‘ಮೆಕುಗಿ’ ಎಂಬ ಬಿದಿರಿನ ಬೆಣೆಯೊಂದರಿಂದ ಬಿಗಿಯುವುದು ವಾಡಿಕೆ. ಹೊಡೆತದ ಭಾರವೆಲ್ಲ ಕಡ್ಡಿಗಾತ್ರದ ಆ ಬೆಣೆಯ ಮೇಲೂ, ಅದು ಕೂತ ತೂತಿನ ಅಂಚಿನ ಮೇಲೂ ಬೀಳುತ್ತದೆ, ಮಳೆಗಾಲದ ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುವ ಮರ ಆ ಬಿಗಿಯನ್ನು ಇನ್ನಷ್ಟು ಸಡಿಲಿಸುತ್ತದೆ. 1938ರಲ್ಲಿ ಚೀನಾದ ಯುದ್ಧಭೂಮಿಯಲ್ಲಿ ಖಡ್ಗಗಳನ್ನು ದುರಸ್ತಿ ಮಾಡಿದ ನರುಸೆ ಕಾಂಜಿ ಕಂಡದ್ದೂ ಇದನ್ನೇ: ಕೆಟ್ಟುಬಂದವುಗಳಲ್ಲಿ ಹೆಚ್ಚಿನವು ಹಿಡಿಕೆ ಕೆಟ್ಟವು. ಕಬ್ಬು ಕಡಿಯುವ ಬೆಳಗಾವಿ ಕಡೆಯ ಕೊಗನೊಳ್ಳಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾವು ಅಲುಗಿದ ಕುಡುಗೋಲಿನ ಹದವನ್ನು ಯಾರೂ ಹೊಗಳುವುದಿಲ್ಲ. ‘ರಿಂಜಿ ಸೇಶಿಕಿ’, ಅಂದರೆ ತಾತ್ಕಾಲಿಕ ನಿಯಮದ ಮಾದರಿ ಎಂದು ಹೆಸರಾದ ಅಗ್ಗದ ಖಡ್ಗದಲ್ಲಿ ಸಾಮಾನ್ಯವಾಗಿ ಎರಡು ಬೆಣೆಗಳಿವೆ, ಹಿಡಿಕೆಯ ಸುತ್ತುಪಟ್ಟಿಗೆ ಅರಗಿನಂಥ ಗಟ್ಟಿ ಲೇಪವಿದೆ. ಅಲಂಕಾರವನ್ನು ಕಳೆದ ಕೈಯೇ ಬಿಗಿಯನ್ನು ಕೂಡಿಸಿದೆ.

ಈ ಖಡ್ಗವನ್ನು ‘1944ರ ಮಾದರಿ’ ಎಂದು ಕರೆದು ಸೋಲಿನ ಹತಾಶೆಯ ಕೂಸಾಗಿಸಿದವರು ಸಂಗ್ರಾಹಕರು. ಸೇನೆಯ ಕಡತಗಳನ್ನು ಓದಿದವರು ಅದರ ಹುಟ್ಟನ್ನು 1940ರ ಸುಮಾರಿಗೆ ಒಯ್ಯುತ್ತಾರೆ. ಆಗ ಸೋಲು ಕಣ್ಣಿಗೆ ಬಿದ್ದೇ ಇರಲಿಲ್ಲ. ತಪ್ಪು ಹೆಸರೊಂದು ತಪ್ಪು ಮೌಲ್ಯವನ್ನು ಸಾಕಿದ್ದು ಹೀಗೆ. ತಮಹಗಾನೆಯನ್ನಷ್ಟೇ ಒಪ್ಪುವ, ಶುದ್ಧ ಮೂಲದ ಈ ಹಟ ದಖ್ಖನದ ಓದುಗನಿಗಂತೂ ವಿಚಿತ್ರವಾಗಿ ತೋರಬೇಕು, ಏಕೆಂದರೆ ಇಲ್ಲಿನ ಸರದಾರರು ಯುರೋಪಿನ ಅಲಗಿಗೆ ದೇಶೀ ಹಿಡಿಕೆ ಕೂಡಿಸಿ ಅದನ್ನು ‘ಫಿರಂಗಿ’ ಎಂದು ಮೆರೆಸಿದರು. ಪರದೇಶದ ಉಕ್ಕು ಅವರಿಗೆ ಕೊರತೆಯಾಗಿ ಕಾಣಲಿಲ್ಲ.

ಬೆಳಗಾವಿಯಲ್ಲಿ ತರಬೇತಿ ಕೇಂದ್ರವಿದ್ದ ಮರಾಠಾ ರೆಜಿಮೆಂಟಿನ ನಾಲ್ಕನೆಯ ಪಲಟಣ 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್ಶಾಕ್‌ನಲ್ಲಿ ಎದುರಿಸಿದ ಜಪಾನಿ ಸೇನೆಯ ಅಧಿಕಾರಿಗಳು ಧರಿಸುತ್ತಿದ್ದ ಖಡ್ಗಗಳಲ್ಲಿ ಈ ಬಗೆಯವೂ ಇದ್ದಿರಬಹುದು. ಆದರೆ ಇಂದಿನ ಜಪಾನಿನ ಕಾನೂನು ಸಾಂಪ್ರದಾಯಿಕ ವಿಧಾನದ ಅಲಗನ್ನು ಮಾತ್ರ ಕಲಾಕೃತಿಯೆಂದು ನೋಂದಾಯಿಸಿ ಇಟ್ಟುಕೊಳ್ಳಲು ಬಿಡುತ್ತದೆ. ಹೀಗಾಗಿ ಎರಡು ಬೆಣೆಯ ಈ ಖಡ್ಗ ತಾನು ಹುಟ್ಟಿದ ನಾಡಿಗಿಂತ ಅದನ್ನು ಶರಣಾಗತಿಯಲ್ಲಿ ಪಡೆದವರ ನಾಡುಗಳಲ್ಲಿ ಸುಲಭವಾಗಿ ಸಿಗುತ್ತದೆ.