ನೀರು ಎಲ್ಲಿ ಬಿಡ್ತೀರಿ?

ಟ್ರೇಲರ್ ಕ್ಯಾಂಪಿಂಗ್ ವಿಡಿಯೋಗಳಲ್ಲಿ ಒಂದು ಶಾಟ್ ಇದ್ದೇ ಇರುತ್ತೆ. ಕ್ಯಾಮೆರಾ ಹಾಸಿಗೆ ಮೇಲಿರುತ್ತೆ. ಟ್ರೇಲರಿನ ಹಿಂದಿನ ಬಾಗಿಲು ನಿಧಾನಕ್ಕೆ ಮೇಲೇಳುತ್ತೆ. ಎದುರಿಗೆ ಕೆರೆ, ಮಂಜು, ಸಾಕ್ಸ್ ಹಾಕಿದ ಎರಡು ಪಾದ, ಹಬೆಯಾಡುವ ಕಾಫಿ ಮಗ್. ಹಿನ್ನೆಲೆಗೆ ಗಿಟಾರು. ಮಾತು ಇಂಗ್ಲಿಷ್ ಇರಲಿ, ಹಿಂದಿ ಇರಲಿ, ಈಗೀಗ ಕನ್ನಡವೇ ಇರಲಿ, ಆ ಶಾಟ್ ಮಾತ್ರ ಬದಲಾಗೋದಿಲ್ಲ. ರಾತ್ರಿ ಊಟ ಮಾಡ್ತಾ ಇಂಥವನ್ನ ಒಂದಾದ ಮೇಲೆ ಒಂದು ನೋಡೋ ಚಟ ನನಗೂ ಇದೆ. ಇಷ್ಟೆಲ್ಲ ನೋಡಿದ ಮೇಲೆ, ಸಿನಿಮಾಕ್ಕೋ ಕಾದಂಬರಿಗೋ ಮಾಡೋ ಹಾಗೆ ಇದಕ್ಕೂ ಒಂದು ವಿಮರ್ಶೆ ಬರೆಯಬಹುದಲ್ಲ ಅನ್ನಿಸಿತು. ಇದೂ ಒಂದು ಪ್ರಕಾರವೇ. ಇದಕ್ಕೂ ನಾಯಕ ಇದ್ದಾನೆ, ಆಸೆ ಇದೆ, ಬೇಕಂತಲೇ ತೋರಿಸದೆ ಬಿಟ್ಟ ದೃಶ್ಯಗಳೂ ಇವೆ.

ಈ ಪ್ರಕಾರದ ಮಂತ್ರ ‘ಆಫ್‌ಗ್ರಿಡ್’. ತಂತಿ ಇಲ್ಲ, ನಲ್ಲಿ ಇಲ್ಲ, ಗಟಾರ ಇಲ್ಲ, ನಾವು ಮತ್ತು ಪ್ರಕೃತಿ ಅಷ್ಟೇ. ಹುಬ್ಬಳ್ಳಿ-ಧಾರವಾಡದವರಿಗೆ ಈ ಮಾತು ಕೇಳಿದ್ರೆ ಸಣ್ಣಗೆ ನಗು ಬರಬೇಕು. 2008ರಲ್ಲಿ ಇಲ್ಲಿನ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂದಾಗ ಅದು ದೇಶದಲ್ಲೆಲ್ಲ ಸುದ್ದಿಯಾಯಿತು. ಉಳಿದವರು ನಲ್ಲಿ ಯಾವಾಗ ಬಂದೀತು ಅಂತ ಕಾಯೋದರಲ್ಲೇ ಬೆಳೆದವರು. ಅಂಗಳದಲ್ಲಿ ಸಂಪು, ಮಾಳಿಗೆ ಮೇಲೆ ಸಿಂಟೆಕ್ಸು, ಮೆಟ್ಟಿಲ ಕೆಳಗೆ ಇನ್ವರ್ಟರು, ಅಡುಗೆಮನೆಯಲ್ಲಿ ಎರಡನೇ ಸಿಲಿಂಡರು. ನಮ್ಮ ಮನೆಗಳು ಗಾಲಿ ಇಲ್ಲದ ಟ್ರೇಲರುಗಳೇ.

ಆದ್ರೂ ಹೋಗಿ ನೋಡಬೇಕು ಅನ್ನಿಸಿತು. ಫೆಬ್ರುವರಿಯ ಒಂದು ವಾರಾಂತ್ಯ, ಮೂವರು ಗೆಳೆಯರು, ಎರಡು ರಾತ್ರಿ. ಬಾಡಿಗೆಗೆ ತಂದದ್ದು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಟ್ರೇಲರು. ಇಬ್ಬರು ಮಲಗಬಹುದು, ಮೂರನೆಯವರಿಗೆ ಹೊರಗೆ ಟೆಂಟು. ಜಾಗ ಕಲಘಟಗಿ ಆಚೆ, ಪರಿಚಯದವರ ಹೊಲದ ಅಂಚು, ಪಕ್ಕದಲ್ಲೇ ಕೆರೆ.

ಮೊದಲು ಕರೆಂಟಿನ ಲೆಕ್ಕ ಹೇಳಿಬಿಡ್ತೀನಿ, ವಿಡಿಯೋದವರು ಹೇಳೋದಿಲ್ಲ. ಟ್ರೇಲರಿನ ತಲೆ ಮೇಲೆ 200 ವ್ಯಾಟಿನ ಸೋಲಾರ್ ಪ್ಲೇಟು ಇದೆ ಅನ್ಕೊಳ್ರಿ. ನಮ್ಮ ಕಡೆಯ ಒಳ್ಳೆ ಬಿಸಿಲಿನ ದಿನ ಸೋರಿಕೆ ಎಲ್ಲ ಕಳೆದು 700-800 ವ್ಯಾಟ್-ಅವರ್ ಕೈಗೆ ಸಿಗುತ್ತೆ. ಅಂದ್ರೆ ಮುಕ್ಕಾಲು ಯೂನಿಟ್ಟು. ಎಲ್‌ಇಡಿ ದೀಪ, ಫೋನು, ಲ್ಯಾಪ್‌ಟಾಪು, ಸಣ್ಣ ಫ್ಯಾನು, ಇಷ್ಟಕ್ಕೆ ಧಾರಾಳ. ಒಂದು ಪುಟ್ಟ ಫ್ರಿಜ್ ಇಟ್ರೆ ಅದರಲ್ಲಿ ಅರ್ಧ ಅದೇ ನುಂಗುತ್ತೆ. ಎ.ಸಿ. ಹಾಕಿದ್ರೋ, ಇಡೀ ದಿನದ ಬಿಸಿಲು ಒಂದು ತಾಸಿನಲ್ಲಿ ಖಾಲಿ. ರಾತ್ರಿಯಿಡೀ ಎ.ಸಿ. ಓಡಿಸಿ ಬೆಳಿಗ್ಗೆ ಸಾಕ್ಸ್ ಹಾಕ್ಕೊಂಡು ಕಾಫಿ ಕುಡಿಯೋ ನಾಯಕನ ಹಿಂದೆ, ಫ್ರೇಮಿನ ಆಚೆ, ಒಂದೋ ಜನರೇಟರ್ ಗುರುಗುಡ್ತಾ ಇರಬೇಕು, ಇಲ್ಲಾ ಯಾವುದೋ ಧಾಬಾದಿಂದ ಉದ್ದನೆಯ ವೈರು ಬಂದಿರಬೇಕು. ಇನ್ನು ಜುಲೈನಲ್ಲಿ ದಾಂಡೇಲಿ ಕಡೆ ಹೋದ್ರೆ ಸೂರ್ಯನೇ ರಜೆಯಲ್ಲಿರ್ತಾನೆ.

ಕರೆಂಟು ಅಷ್ಟೇನೂ ದೊಡ್ಡ ವಿಷಯ ಅಲ್ಲ. ಇಲ್ಲದಿದ್ರೆ ಕತ್ತಲು, ಅಷ್ಟೇ. ವಿಷಯ ಇರೋದು ನೀರಿನಲ್ಲಿ.

ನಾವು ಟ್ರೇಲರು ನಿಲ್ಲಿಸಿ ಕಾಲಿನ ಜಾಕು ತಿರುವ್ತಾ ಇದ್ದಾಗ ಪಕ್ಕದ ಹೊಲದ ಹಿರಿಯರೊಬ್ಬರು ಬಂದು ನಿಂತರು. ಸುತ್ತ ಒಂದು ಸಲ ನಡೆದು ನೋಡಿದರು. ಎಷ್ಟು ರೊಕ್ಕ, ಎಷ್ಟು ಮೈಲೇಜು, ಎಲ್ಲಿಂದ ಬಂದ್ರಿ, ಯಾವುದನ್ನೂ ಕೇಳಲಿಲ್ಲ.

‘ನೀರ ಎಲ್ಲಿ ಬಿಡ್ತೀರಿ?’

ಅರ್ಥ ಆಗಲಿಲ್ಲ ಅಂತ ಮುಖ ನೋಡಿದೆವು.

‘ಒಳಗ ಪಾತ್ರಿ ತೊಳಿಯೂದೈತಿ, ಸಂಡಾಸ ಐತಿ ಅಂತೀರಿ. ಆ ನೀರ ಎಲ್ಲಿ ಬಿಡ್ತೀರಿ? ದನಾ ಇದ ಕೆರ್‍ಯಾಗ ಕುಡೀತಾವರಿ.’

ಆ ಟ್ರೇಲರಿನ ಮೇಲೆ ಬರೆದ ಅತಿ ಚಿಕ್ಕ, ಅತಿ ಒಳ್ಳೆಯ ವಿಮರ್ಶೆ ಇದು. ಯಾಕಂದ್ರೆ ಉತ್ತರ ಟ್ರೇಲರಿನ ಹೊಟ್ಟೆಯಡಿಗೇ ನೇತಾಡ್ತಿತ್ತು. ಸಿಂಕಿನಿಂದ ಒಂದು ಪೈಪು ನೇರ ಕೆಳಗೆ ಬಂದು ನೆಲದಿಂದ ಗೇಣು ಮೇಲೆ ಮುಗಿದುಹೋಗಿತ್ತು. ಒಳಬರುವ ನೀರಿಗೆ 60 ಲೀಟರಿನ ಸ್ಟೀಲ್ ಟ್ಯಾಂಕು, ಪಂಪು, ಫಿಲ್ಟರು, ಮಟ್ಟ ತೋರಿಸೋ ದೀಪ ಎಲ್ಲಾ ಇವೆ. ಹೊರಹೋಗುವ ನೀರಿಗೆ ಏನೂ ಇಲ್ಲ. ಬಾಡಿಗೆ ಕೊಟ್ಟ ಸಂಸ್ಥೆಯ ಹುಡುಗ ಹೇಳಿಕೊಟ್ಟದ್ದೂ ಅದನ್ನೇ: ‘ಕೆರಿ ಬಾಜೂಕ ನಿಲ್ಲಸ್ರಿ ಸರ್, ಪೈಪ್ ಹಂಗ ಬಿಟ್ಟಬಿಡ್ರಿ, ಏನೂ ಆಗೂದಿಲ್ಲ.’ ಸೋಪು, ಎಣ್ಣೆ, ಅನ್ನದ ಅಗುಳು, ಶಾಂಪೂ. ಮೂವರದ್ದು ಎರಡು ದಿನಕ್ಕೆ ಏನೂ ಆಗಲಿಕ್ಕಿಲ್ಲ. ವಿಡಿಯೋ ನೋಡಿ ಪ್ರತಿ ಶನಿವಾರ ಬರೋ ಹತ್ತು ಟ್ರೇಲರಿಗೆ?

ನಾವು ಪೈಪಿನ ಕೆಳಗೆ ಬಕೆಟ್ ಇಟ್ಟೆವು. ತುಂಬಿದ ಹಾಗೆಲ್ಲ ಹಿರಿಯರು ತೋರಿಸಿದ ಮಾವಿನ ಗಿಡದ ಬುಡಕ್ಕೆ, ಕೆರೆಯ ಕಡೆ ಇಳಿಜಾರು ಇಲ್ಲದ ಬದಿಗೆ ಸುರಿದೆವು. ಎರಡು ದಿನದಲ್ಲಿ ಮೂರು ಬಕೆಟ್. ಸಂಡಾಸಿನದ್ದು ಬೇರೆ ಕಥೆ. ಅದರ ಕೆಳಗೆ ಎಳೆದು ತೆಗೆಯುವ ಒಂದು ಪೆಟ್ಟಿಗೆ ಇರುತ್ತೆ, 18-20 ಲೀಟರು ಹಿಡಿಯುತ್ತೆ. ಪರದೇಶದ ಕ್ಯಾಂಪ್‌ಗ್ರೌಂಡುಗಳಲ್ಲಿ ಇದನ್ನ ಖಾಲಿ ಮಾಡಿ ತೊಳೆಯೋಕೆ ಅಂತಲೇ ಜಾಗ ಕಟ್ಟಿರ್ತಾರೆ. ಕಾರವಾರ ರಸ್ತೆಯಲ್ಲಿ ನಾವು ನಿಂತ ಪೆಟ್ರೋಲ್ ಪಂಪಿನವರಿಗೆ ಅಂಥದ್ದೇನಾದ್ರೂ ಇದೆಯಾ ಅಂತ ಕೇಳಿದ್ದಕ್ಕೆ ಅವರು ನಮ್ಮನ್ನ ನೋಡಿದ ರೀತಿ ಇಲ್ಲಿ ಬರೆಯೋ ಹಾಗಿಲ್ಲ. ಜೊತೆಗೆ ಕೊಡುವ ನೀಲಿ ದ್ರಾವಣ ವಾಸನೆ ತಡೆಯುತ್ತೆ ನಿಜ. ಆದ್ರೆ ಅವುಗಳಲ್ಲಿ ಹಲವು ಫಾರ್ಮಾಲ್ಡಿಹೈಡ್ ಇರುವಂಥವು. ಹೊಲಸನ್ನ ಮಣ್ಣು ಮಾಡಬೇಕಾದ ಸೂಕ್ಷ್ಮಜೀವಿಗಳನ್ನೇ ಅವು ಕೊಲ್ತಾವೆ. ಹಾಗಾಗಿ ಗುಂಡಿ ತೋಡಿ ಮುಚ್ಚಿದ್ರಾಯ್ತು ಅನ್ನೋ ಸಲಹೆಯೂ ನಡೆಯೋದಿಲ್ಲ.

‘ಅಂದ್ರ ಹೊತಗೊಂಡ ಹೋಗ್ತೀರೇನು?’ ಹಿರಿಯರಿಗೆ ನಗು ತಡೆಯಲಿಲ್ಲ.

‘ಹೌದ್ರಿ ಕಾಕಾ.’

ಹೊತ್ತುಕೊಂಡೇ ಬಂದೆವು. ನವನಗರದ ನಮ್ಮ ಮನೆಯ ಕಕ್ಕಸಿಗೆ ಅದನ್ನ ಖಾಲಿ ಮಾಡೋಕೆ ಪಡಸಾಲೆ ದಾಟಿ ಹೋಗುವಾಗ ನಮ್ಮವ್ವ ಮೂಗಿಗೆ ಸೆರಗು ಹಿಡಿದು ಹೇಳಿದ್ದು: ‘ಕಲಘಟಗಿಗೆ ಹೋದವರು ತೊಟ್ಟಲಾ ತರ್ತಾರ. ನೀ ನೋಡಿದ್ರ ಇದನ್ನ ತಂದಿ.’

ನಗೆ ಬಿಡ್ರಿ, ಆ ಪೆಟ್ಟಿಗೆ ಕೊನೆಗೆ ಬಂದು ಸೇರಿದ್ದು ಎಲ್ಲಿಗೆ? ಮಹಾನಗರ ಪಾಲಿಕೆಯ ಒಳಚರಂಡಿಗೆ. ಅಂದ್ರೆ ಗ್ರಿಡ್ಡಿಗೆ. ಟ್ರೇಲರು ಗ್ರಿಡ್ಡನ್ನ ಬಿಡಲೇ ಇಲ್ಲ, ಎರಡು ದಿನ ಉದ್ರಿ ಹಚ್ಚಿತ್ತು. ಈ ವಿಡಿಯೋಗಳ ಮೇಲೆ ನನ್ನ ತಕರಾರು ಇಷ್ಟೇ: ಉದ್ರಿಯನ್ನ ಸ್ವಾತಂತ್ರ್ಯ ಅಂತ ತೋರಿಸ್ತಾವೆ, ತೀರಿಸೋ ಹೊತ್ತಿಗೆ ಕ್ಯಾಮೆರಾ ಆಫ್ ಆಗಿರುತ್ತೆ. ಆಗ ತೀರಿಸೋದು ಕೆರೆ. ಕೆರೆ ಅಂದ್ರೆ ಬೇರೆಯವರದ್ದು ಅನ್ಕೋಬೇಡ್ರಿ. ಹುಬ್ಬಳ್ಳಿ ದಶಕಗಳ ಕಾಲ ಕುಡಿದದ್ದು ಅದೇ ಕಲಘಟಗಿ ತಾಲೂಕಿನ ನೀರಸಾಗರದ ನೀರು. ಈಗ ಅವಳಿ ನಗರಕ್ಕೆ ಬರುವ ಮುಖ್ಯ ನೀರು ಸವದತ್ತಿ ಹತ್ತಿರದ ರೇಣುಕಾಸಾಗರದ್ದು, ಮಲಪ್ರಭೆಯದ್ದು. ಆ ಹಿನ್ನೀರಿನ ದಂಡೆಯ ಸೂರ್ಯೋದಯದ ಶಾಟು ಎಷ್ಟು ಚಂದ ಇದ್ರೂ, ಅದು ನಮ್ಮ ಅಡುಗೆಮನೆ ನಲ್ಲಿಯ ಇನ್ನೊಂದು ತುದಿ.

ಎರಡನೇ ತಕರಾರು ‘ಯಾರೂ ಕಾಲಿಡದ ಜಾಗ’ ಅನ್ನೋ ಮಾತಿನ ಮೇಲೆ. ದಾಂಡೇಲಿ ಕಡೆಯ ಪ್ರತಿ ವಿಡಿಯೋದಲ್ಲೂ ಇದು ಬರುತ್ತೆ. ಆ ಕಾಡಿನ ದೊಡ್ಡ ಭಾಗ 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು, 2015ರಿಂದ ಅದರ ಹೆಸರು ಕಾಳಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗೇ ಇಲ್ಲ. ಇನ್ನು ಬೆಂಕಿ ಹಾಕಿ ಮಲಗೋದು ಎಲ್ಲಿಂದ ಬಂತು? ಕಾಡಿನ ಹೊರಗೂ ಖಾಲಿ ಜಾಗ ಅನ್ನೋದು ಇಲ್ಲ. ಹಳಿಯಾಳ, ಯಲ್ಲಾಪುರ, ಜೋಯಿಡಾ ಅಂದ್ರೆ ಸಿದ್ದಿಗಳು, ಗೌಳಿಗಳು, ಕುಣಬಿಗಳು ಬದುಕೋ ಊರುಗಳು. ಇತ್ತ ಬಯಲುಸೀಮೆಗೆ ಬಂದ್ರೆ ಹೊಲ, ಗೋಮಾಳ, ಕೆರೆ ಅಂಗಳ, ಎಲ್ಲಕ್ಕೂ ಯಾರೋ ಹಕ್ಕುದಾರರು ಇದ್ದಾರೆ. ಇದನ್ನ ಚೆನ್ನಾಗಿ ಬಲ್ಲವರು ಬೆಳಗಾವಿ, ಬಾಗಲಕೋಟೆ ಕಡೆಯಿಂದ ಕುರಿ ಹೊಡ್ಕೊಂಡು ಬರುವ ಕುರುಬರು. ಕೊಯ್ಲು ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸ್ತಾರೆ. ಹೊಲಕ್ಕೆ ಗೊಬ್ಬರ, ಇವರಿಗೆ ಕಾಳೋ ರೊಕ್ಕವೋ. ಮೊದಲೇ ಮಾತಾಡಿಕೊಂಡಿರ್ತಾರೆ. ಸಂಸಾರ ಕುದುರೆ ಮೇಲೆ. ಕಳೆದ ವರ್ಷ ಅಣ್ಣಿಗೇರಿ ರಸ್ತೆಯಲ್ಲಿ ನಾನು ನೋಡಿದ ಒಂದು ಕುದುರೆ ಮೇಲೆ ಸೋಲಾರ್ ಪ್ಲೇಟೂ ಇತ್ತು, ಫೋನ್ ಚಾರ್ಜಿಗೆ. ಅವರು ತಮ್ಮನ್ನ ಆಫ್‌ಗ್ರಿಡ್ ಅಂತ ಕರ್ಕೊಳ್ಳೋದಿಲ್ಲ. ಅವರ ಬಿಡಾರ ನೋಡಿ ‘ವಾವ್’ ಅಂತ ಕಾರು ನಿಲ್ಲಿಸಿದವರನ್ನೂ ನಾನು ಕಂಡಿಲ್ಲ.

ನಮ್ಮಲ್ಲಿ ಗಾಲಿ ಮೇಲಿನ ಬಿಡಾರಕ್ಕೆ ಹಳೇ ಮಾದರಿ ಇನ್ನೊಂದಿದೆ: ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ. ನಮ್ಮ ಅಜ್ಜಿ ನವಲಗುಂದ ಕಡೆಯವಳು. ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಕೊಲ್ಲಾರಿ ಕಟ್ಟಿದ ಚಕ್ಕಡಿಯಲ್ಲಿ ಸವದತ್ತಿಗೆ ಹೋಗಿಬರೋ ಕಥೆಯನ್ನ ಅವಳು ಹೇಳ್ತಿದ್ದದ್ದು ಭಕ್ತಿಯಿಂದಲ್ಲ, ಪ್ಯಾಕಿಂಗ್ ಲಿಸ್ಟಿನ ಥರ. ತಳಕ್ಕೆ ಎತ್ತಿನ ಕಣಕಿ, ಅದರ ಮೇಲೆ ಕೌದಿ. ಕಣಕಿ ಹೋಗುವಾಗ ಹಾಸಿಗೆ, ದಾರಿಯುದ್ದಕ್ಕೂ ಎತ್ತಿನ ಹೊಟ್ಟೆಗೆ. ಮೇಲೆ ಚಾಪೆಯ ಕಮಾನು. ಅಚ್ಚಿನ ಕೆಳಗೆ ಕಂದೀಲು. ಒಲೆಗೆ ಮೂರು ಕಲ್ಲು, ಅವು ಎಲ್ಲಾ ಕಡೆ ಸಿಗ್ತಾವೆ. ಉರುವಲಿಗೆ ಕುಳ್ಳು. ಬುತ್ತಿ ಗಂಟಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಮಾದಲಿ.

ಈ ಕಡಕ್ ರೊಟ್ಟಿಯ ಹತ್ತಿರ ಸ್ವಲ್ಪ ನಿಲ್ರಿ. ನೀರಿನಂಶ ಪೂರ್ತಿ ಹೋಗೋ ತನಕ ಸುಟ್ಟ ಜೋಳದ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಹಿಂಡಿಯೂ ಕೆಡೋದಿಲ್ಲ. ಟ್ರೇಲರಿನ ಸೋಲಾರಿನಲ್ಲಿ ಅರ್ಧ ನುಂಗುವ ಫ್ರಿಜ್ಜನ್ನ ಈ ಒಂದು ರೊಟ್ಟಿ ಅನಗತ್ಯ ಮಾಡಿಬಿಡುತ್ತೆ. ಉಣ್ಣುವಾಗ ಕೈಯಲ್ಲೇ ಮುರೀಬೋದು, ತಟ್ಟೆಯೂ ಬೇಕಾಗಿಲ್ಲ, ಅಂದ್ರೆ ತೊಳೆಯೋ ನೀರೂ ಇಲ್ಲ. ಅಜ್ಜಿಯ ಚಕ್ಕಡಿಗೆ ಪೈಪಿನ ಪ್ರಶ್ನೆ ಬರದೇ ಇದ್ದದ್ದು ಹೀಗೆ.

ಹಾಗಂತ ಹಳೇದೆಲ್ಲ ಬಂಗಾರ ಅಂತ ಬರೆದು ಮುಗಿಸೋಕೆ ನನಗೆ ಮನಸ್ಸಿಲ್ಲ. ಈಗ ಚಕ್ಕಡಿಗಿಂತ ಟ್ರ್ಯಾಕ್ಟರ್ ಟ್ರೇಲರುಗಳೇ ಜಾಸ್ತಿ. ಬಿದಿರಿನ ಕಮಾನಿಗೆ ತಾಡಪತ್ರಿ ಹೊದಿಸಿ, ಮುಂದೆ ದೊಡ್ಡ ಸ್ಪೀಕರು ಕಟ್ಟಿ, ‘ಉಧೋ ಉಧೋ’ ಅಂತ ಮೂವತ್ತು ಮಂದಿ. ಹುಣ್ಣಿಮೆ ಮುಗಿದ ಮರುದಿನ ಗುಡ್ಡದ ಸುತ್ತ ಒಮ್ಮೆ ನಡೆದು ನೋಡ್ರಿ: ಪ್ಲಾಸ್ಟಿಕ್ ತಟ್ಟೆ, ನೀರಿನ ಬಾಟಲಿ, ಕಾಲಿಡೋಕೆ ಆಗದಂಥ ಬಯಲು. ಹೆಣ್ಣುಮಕ್ಕಳು ಬೆಳಕು ಹರಿಯೋ ಮುಂಚೆ ಎದ್ದು ಕುಂಟೆಯ ಮರೆ ಹುಡುಕೋದು ಅಜ್ಜಿಯ ಕಾಲದಲ್ಲೂ ಇತ್ತು, ಈಗಲೂ ಇದೆ. ಅಜ್ಜಿಯ ಲಿಸ್ಟಿನಲ್ಲಿ ಅದೊಂದು ಇರಲಿಲ್ಲ. ಕೇಳಿದ್ರೆ ಮಾತು ಹಾರಿಸ್ತಿದ್ದಳು. ಅದನ್ನ ನೆನೆಸಿಕೊಂಡ್ರೆ ನಾವು ಹೊತ್ತು ತಂದ ಪೆಟ್ಟಿಗೆ ಆ ಟ್ರೇಲರಿನಲ್ಲಿದ್ದ ಅತ್ಯಂತ ಒಳ್ಳೆಯ ವಸ್ತು ಅನ್ನಬೇಕಾಗುತ್ತೆ. ನಮ್ಮ ಜೊತೆ ಬಂದಿದ್ದ ಗೆಳತಿಯ ತೀರ್ಪೂ ಅದೇ: ‘ಉಳದದ್ದೆಲ್ಲಾ ಕಿತ್ತ ಒಗೀರಿ, ಅದೊಂದ ಇರ್ಲಿ.’

ಹಾಗಾದ್ರೆ ಯಾವ ಟ್ರೇಲರು ಚೊಲೋ? ನನ್ನ ಮತ ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಮನೆಯಂತೆ ಇರೋದಕ್ಕೆ. 1930ರ ದಶಕದ ಅಮೆರಿಕದಲ್ಲಿ ಜನ ತಮ್ಮ ಗ್ಯಾರೇಜಿನಲ್ಲೇ ಕಟ್ಟಿಕೊಳ್ತಿದ್ದ, ಹನಿಯಾಕಾರದ ಪುಟ್ಟ ಟ್ರೇಲರೊಂದಿದೆ. ಒಳಗೆ ಹಾಸಿಗೆ ಬಿಟ್ಟು ಏನೂ ಇಲ್ಲ, ಎದ್ದು ನಿಲ್ಲೋಕೂ ಆಗೋದಿಲ್ಲ. ಹಿಂದಿನ ಮುಚ್ಚಳ ಎತ್ತಿದ್ರೆ ಅಡುಗೆ ಕಟ್ಟೆ. ಬೇಯಿಸೋದು, ಉಣ್ಣೋದು, ಹರಟೋದು ಎಲ್ಲಾ ಹೊರಗೆ. ಅಜ್ಜಿಯ ಚಕ್ಕಡಿಯ ನಕ್ಷೆಯೂ ಹೆಚ್ಚುಕಡಿಮೆ ಇದೇ. ಧಾರವಾಡದ ಸಂಜೆ ಗಾಳಿ ಇರುವಾಗ ಪ್ಲೈವುಡ್ ಡಬ್ಬಿಯೊಳಗೆ ಎ.ಸಿ. ಹಾಕ್ಕೊಂಡು ಕೂರೋದು ನನಗಂತೂ ತಿಳಿಯದ ವಿಚಾರ. ಇಂಥ ಹಗುರ ಟ್ರೇಲರಿಗೆ ಒಂದು ಸಂಡಾಸ ಪೆಟ್ಟಿಗೆ, ಸಿಂಕಿನ ಕೆಳಗೆ ಮುಚ್ಚಳ ಇರೋ ಕ್ಯಾನು ಸೇರಿಸಿದ್ರೆ ಸಾಕು. ಎರಿ ಭೂಮಿಗೆ ಮಾತ್ರ ಇಳಿಸಬೇಡ್ರಿ. ಒಂದು ಮಳೆ ಬಿದ್ರೆ ನವಲಗುಂದದ ಹೊಲಕ್ಕೆ ಚಕ್ಕಡಿಯೇ ಇಳಿಯೋದಿಲ್ಲ.

ಸರ್ಕಾರಗಳೂ ಈಗ ಕಾರವಾನ್ ಅಂತ ಮಾತಾಡ್ತಿವೆ. ಕೇರಳ 2021ರಲ್ಲೇ ಇದಕ್ಕೊಂದು ನೀತಿ ತಂದಿತು. ಅದರಲ್ಲಿ ನನಗೆ ಹಿಡಿಸಿದ್ದು, ವಾಹನದ ಜೊತೆ ಪಾರ್ಕನ್ನೂ ಸೇರಿಸಿ ಯೋಚಿಸಿದ್ದು. ಗಾಡಿ ನಿಂತಲ್ಲಿ ನೀರು, ಕರೆಂಟು, ಹೊಲಸಿಗೊಂದು ದಾರಿ ಬೇಕು ಅಂತ ಒಪ್ಪಿಕೊಂಡದ್ದು. ನಮ್ಮಲ್ಲೂ ಅಂಥದ್ದು ಕಟ್ಟೋದಾದ್ರೆ ರೆಸಾರ್ಟಿನ ಬೇಲಿಯೊಳಗೆ ಬೇಡ. ಒಂದು ನಲ್ಲಿ, ಪೆಟ್ಟಿಗೆ ಖಾಲಿ ಮಾಡೋಕೆ ಒಂದು ತೊಟ್ಟಿ, ಬಾಗಿಲು ಚಿಲಕ ಸರಿ ಇರೋ ನಾಲ್ಕು ಸಂಡಾಸ, ಬಳಸಿದ ನೀರು ಇಂಗೋಕೆ ಒಂದು ಗುಂಡಿ. ಮೊದಲನೆಯದನ್ನ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಕಟ್ಟಲಿ. ನಮ್ಮಂಥವರ ಟ್ರೇಲರು ಅಲ್ಲಿಗೆ ತಿಂಗಳಿಗೆ ಎರಡೋ ಮೂರೋ ಬಂದಾವು. ಉಳಿದವರನ್ನ ಎಣಿಸಬೇಕಂದ್ರೆ ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಧಾರವಾಡ-ಸವದತ್ತಿ ರಸ್ತೆಯ ಯಾವುದಾದ್ರೂ ಚಾದಂಗಡಿಯ ಮುಂದೆ ಕೂತುಕೊಳ್ರಿ.