ಆಶ್ವಯುಜದ ಭಯ: ಕನ್ನಡ ಭೂತಚಿತ್ರಗಳನ್ನು ಕುರಿತು

2024ನೆಯ ಇಸವಿಯ ಪಂಚಾಂಗದಲ್ಲಿ ಒಂದು ಕುತೂಹಲಕರವಾದ ಕೂಟವಿದ್ದಿತು. ಮಹಾಲಯ ಅಮಾವಾಸ್ಯೆಯು ಅಕ್ಟೋಬರ್ 2ರಂದೂ, ನರಕ ಚತುರ್ದಶಿಯು 31ರಂದೂ, ಬಲಿಪಾಡ್ಯಮಿಯು ನವೆಂಬರ್ 2ರಂದೂ ಬಂದುವು. ಪಾಶ್ಚಾತ್ಯರ ಹ್ಯಾಲೋವೀನ್ ಎಂಬ ಆಚರಣೆಯು ಅಕ್ಟೋಬರ್ 31ರ ರಾತ್ರಿಯದು. ಕ್ರೈಸ್ತರು ಸಕಲ ಸಂತರನ್ನು ನೆನೆಯುವುದು ಅದರ ಮರುದಿನ, ಸಕಲ ಮೃತರನ್ನು ನೆನೆಯುವುದು ನವೆಂಬರ್ 2ರಂದು. ಹೀಗೆ ಎರಡು ಸಂಪ್ರದಾಯಗಳ ಮೃತಸ್ಮರಣೆಯ ಕಾಲವು ಆ ವರ್ಷ ಬಹುಮಟ್ಟಿಗೆ ಒಂದಾಗಿದ್ದಿತು. ಆ ತಿಂಗಳಿನ ಸಂಜೆಗಳಲ್ಲಿ ನಾವು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕೆಲವು ವಿದ್ಯಾರ್ಥಿಗಳೊಡನೆ ಕುಳಿತು ಕನ್ನಡದ ಭೂತಚಿತ್ರಗಳನ್ನು ಒಂದಾದಮೇಲೊಂದರಂತೆ ನೋಡಿದೆವು. ಅಕ್ಟೋಬರ್ ತಿಂಗಳೆಲ್ಲ ಭಯದ ಚಿತ್ರಗಳನ್ನು ನೋಡುವ ರೂಢಿ ಅಮೆರಿಕದಲ್ಲಿ ಬೆಳೆದುದು. ಜಾನ್ ಕಾರ್ಪೆಂಟರನು 1978ರಲ್ಲಿ ಆ ಹಬ್ಬದ ಹೆಸರಿನಲ್ಲಿಯೇ ತೆಗೆದ ಚಿತ್ರವು ಆ ರೂಢಿಗೆ ಬಲ ಕೊಟ್ಟಿತು. ಇಂದು ಅದು ಕೈಯೊಳಗಿನ ಮೊಬೈಲಿನ ಮೂಲಕ ನಮ್ಮ ತಾಲೂಕಿನ ಹಳ್ಳಿಗಳಿಗೂ ಬಂದಿದೆ. ಬಂದುದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮಲ್ಲಿ ಆ ಕಾಲಕ್ಕೆ ಮೊದಲೇ ಒಂದು ಅರ್ಥವಿದ್ದಿತೆಂಬುದನ್ನೂ, ನಮ್ಮ ಚಿತ್ರಗಳು ಅದನ್ನು ಏನು ಮಾಡಿವೆಯೆಂಬುದನ್ನೂ ಪರಾಮರ್ಶಿಸುವುದು ಇತಿಹಾಸದ ಅಧ್ಯಾಪಕರಿಗೆ ಹೊರತಾದ ಕೆಲಸವಲ್ಲ.

ಮಹಾಲಯವನ್ನು ನಮ್ಮ ಕಡೆ ಹಿರಿಯರ ಹಬ್ಬವೆನ್ನುತ್ತಾರೆ. ತೀರಿಕೊಂಡವರ ಹೆಸರು ಹೇಳಿ, ಅವರಿಗೆ ಪ್ರಿಯವಾಗಿದ್ದ ಅಡಿಗೆ ಮಾಡಿ, ಹೊಸ ಬಟ್ಟೆಯಿಟ್ಟು ಎಡೆ ಹಿಡಿಯುತ್ತಾರೆ. ಅಲ್ಲಿಂದ ಒಂದು ತಿಂಗಳಿಗೆ ಬಲಿಪಾಡ್ಯಮಿ. ಅಂಗಳದಲ್ಲಿ ಸಗಣಿಯ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿ, ಹೂವುಗಳಿಂದ ಸಿಂಗರಿಸುವ ದಿನವದು. ವಂಚನೆಯಿಂದ ರಾಜ್ಯವನ್ನು ಕಳೆದುಕೊಂಡು ಪಾತಾಳಕ್ಕೆ ತುಳಿಯಲ್ಪಟ್ಟ ಬಲಿ ಚಕ್ರವರ್ತಿಯು ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಲು ಮರಳುವನೆಂಬ ನಂಬಿಕೆಯ ದಿನವೂ ಅದೇ. ಕೆಳಗಿನ ಲೋಕದಿಂದ ಏಳುವ, ಅನ್ಯಾಯಕ್ಕೊಳಗಾದ ಒಬ್ಬಾತನನ್ನು ಜನ ಬಾಗಿಲು ಭದ್ರಪಡಿಸಿಕೊಂಡು ಎದುರಿಸುವುದಿಲ್ಲ, ದೀಪವಿಟ್ಟು ಎದುರುಗೊಳ್ಳುತ್ತಾರೆ. ಇದೇ ದೀಪಾವಳಿಯಲ್ಲಿ ಹಾವೇರಿ ಸೀಮೆಯ ಊರೂರಿನಲ್ಲೂ ಹೋರಿ ಬೆದರಿಸುವ ಹಬ್ಬ ಪ್ರಾರಂಭವಾಗುತ್ತದೆ. ಕೊಬ್ಬರಿ ಕಟ್ಟಿದ ಹೋರಿಯನ್ನು ಬೆದರಿಸಲು ಹೋದವರೇ ಬೆದರಿ ಓಡುವ, ಕೆಲವೊಮ್ಮೆ ಪ್ರಾಣವನ್ನೂ ತೆರುವ ಆಟವದು. ಭಯಪಡಿಸಿ ಭಯಪಡುವುದರಲ್ಲಿ ಸುಖವಿದೆಯೆಂಬ ಪಾಠವನ್ನು ನಮ್ಮ ಹುಡುಗರಿಗೆ ಹಾಲಿವುಡ್ಡು ಹೇಳಿಕೊಡಬೇಕಾಗಿರಲಿಲ್ಲ.

ಮರಳಿ ಬಂದವರ ದೂರನ್ನು ಕೇಳಿಕೊಳ್ಳುವುದು ಈ ಕಾಲದ ಧರ್ಮ. ನಮ್ಮ ಚಿತ್ರಗಳಾದರೋ ದೂರನ್ನು ಬಲು ವಿಸ್ತಾರವಾಗಿ ಹೇಳಿಸಿ, ಕೊನೆಯ ಘಳಿಗೆಯಲ್ಲಿ ದೂರುಕೊಟ್ಟವಳನ್ನು ಹೊರಗೆ ಅಟ್ಟುತ್ತವೆ. ಅಟ್ಟಿಸಿಕೊಳ್ಳುವವಳು ಹೆಚ್ಚಿನ ಸಂದರ್ಭಗಳಲ್ಲಿ ಹೆಂಗಸು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಭರತನು ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ವಿಕೃತ ಧ್ವನಿ, ಭೂತದರ್ಶನ, ಪಾಳು ಮನೆ, ಅರಣ್ಯ ಮೊದಲಾದುವನ್ನು ಹೇಳಿದ್ದಾನೆ. ಇಂದಿನ ಯಾವ ನಿರ್ದೇಶಕನೂ ಈ ಪಟ್ಟಿಯನ್ನು ದಾಟಿ ಬಹುದೂರ ಹೋಗಿಲ್ಲ. ಆದರೆ ಭಯವೆಂಬುದು ಸ್ತ್ರೀಯರ ಮತ್ತು ನೀಚರ ಪ್ರಕೃತಿಗೆ ಸೇರಿದ ಭಾವವೆಂದು ಅವನ ಶಾಸ್ತ್ರ ಹೇಳುತ್ತದೆ. ನಮ್ಮ ಚಿತ್ರಗಳು ಈ ಮಾತನ್ನು ತಿರುವಿಹಾಕಿವೆ. ಹೆದರುವವನು ಗಂಡಸು, ಹೆದರಿಸುವವಳು ಹೆಂಗಸು. ಇದೊಂದು ದೊಡ್ಡ ಪಲ್ಲಟವಾಗಬಹುದಾಗಿತ್ತು. ರನ್ನನ ಗದಾಯುದ್ಧದಲ್ಲಿ ರಣರಂಗದ ಮರುಳುಗಳು ದುರ್ಯೋಧನನನ್ನು ಎದುರಿಗೇ ಹಂಗಿಸುತ್ತವೆ. ಚಕ್ರವರ್ತಿಗೆ ಲೆಕ್ಕ ಕೇಳುವ ಸ್ವಾತಂತ್ರ್ಯ ಹತ್ತನೆಯ ಶತಮಾನದ ಮರುಳಿಗೆ ಇದ್ದಿತು. ಇಪ್ಪತ್ತನೆಯ ಶತಮಾನದ ಚಿತ್ರಗಳ ಭೂತಕ್ಕೆ ಅಷ್ಟು ಸ್ವಾತಂತ್ರ್ಯವಿಲ್ಲ.

1979ರ ‘ನಾ ನಿನ್ನ ಬಿಡಲಾರೆ’ ಈ ಪರಂಪರೆಯ ಪ್ರಸಿದ್ಧ ಚಿತ್ರ. ಅನಂತನಾಗ್ ಅವರ ದೇಹದಲ್ಲಿ ಹೆಣ್ಣೊಬ್ಬಳ ಪ್ರೇತ ಹೊಕ್ಕು ಮಾತನಾಡುವ ದೃಶ್ಯಗಳು ಇಂದಿಗೂ ತಮ್ಮ ಶಕ್ತಿಯನ್ನು ಕಳೆದುಕೊಂಡಿಲ್ಲ. ಧ್ವನಿ, ನಡಿಗೆ, ಕಣ್ಣುಗಳಿಂದಲೇ ನಟನು ಸಾಧಿಸಿದ ಆ ಭೀತಿಯ ಮುಂದೆ ಈಚಿನ ಯಂತ್ರಚಮತ್ಕಾರಗಳು ಸಪ್ಪೆಯಾಗಿ ಕಾಣುತ್ತವೆ. ಆದರೆ ಕಥೆಯ ವ್ಯಾಜ್ಯ ಇಬ್ಬರು ಹೆಂಗಸರ ನಡುವಿನದು: ಬಿಡಲಾರದವಳೊಬ್ಬಳು, ಬಿಡಿಸಿಕೊಳ್ಳಬೇಕಾದವಳೊಬ್ಬಳು. ರಾಘವೇಂದ್ರಸ್ವಾಮಿಗಳ ಕೃಪೆಯಿಂದ ಪತ್ನಿಯ ಭಕ್ತಿ ಗೆಲ್ಲುತ್ತದೆ. ಭಕ್ತಿಯ ಬಗೆಗೆ ನಮ್ಮ ಆಕ್ಷೇಪವಿಲ್ಲ. ಸತ್ತವಳ ಸಂಕಟಕ್ಕೆ ಆ ಸನ್ನಿಧಿಯಲ್ಲಿ ಒಂದು ಕ್ಷಣವಾದರೂ ಸ್ಥಳ ದೊರೆಯಲಿಲ್ಲವಲ್ಲ ಎಂಬುದಷ್ಟೆ ನಮ್ಮ ಕೊರಗು.

‘ಆಪ್ತಮಿತ್ರ’ವನ್ನು (2004) ಇನ್ನೂ ಸಾವಧಾನವಾಗಿ ನೋಡಬೇಕು. ಪಿ. ವಾಸು ಅವರು ನಿರ್ದೇಶಿಸಿದ ಈ ಚಿತ್ರವು ಫಾಜಿಲ್ ಅವರ 1993ರ ಮಲೆಯಾಳ ಚಿತ್ರ ‘ಮಣಿಚಿತ್ರತ್ತಾಳ್’ನ ಕನ್ನಡ ರೂಪ. ಚಿತ್ರ ತೆರೆಕಾಣುವ ಮೊದಲೇ, ಅದೇ ವರ್ಷದ ಏಪ್ರಿಲಿನಲ್ಲಿ, ನಾಯಕಿ ಸೌಂದರ್ಯ ಅವರು ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಆದುದರಿಂದ ಮೊದಲ ದಿನದಿಂದಲೂ ಪ್ರೇಕ್ಷಕರು ಈ ಚಿತ್ರವನ್ನು ನೋಡಿದುದು ಮೃತಳೊಬ್ಬಳು ಮೃತಳೊಬ್ಬಳನ್ನು ಅಭಿನಯಿಸುವುದನ್ನೇ. ಹಳೆಯ ಅರಮನೆಯ ಮುಚ್ಚಿದ ಕೋಣೆ, ಅದರೊಳಗೆ ನಾಗವಲ್ಲಿ ಎಂಬ ನರ್ತಕಿಯ ಕಥೆ. ಅವಳ ಪ್ರಿಯಕರನನ್ನೂ ಅವಳನ್ನೂ ಒಬ್ಬ ಅರಸನು ಕೊಂದಿರುತ್ತಾನೆ. ಆ ಮನೆಗೆ ಬಂದ ಗಂಗೆಯೆಂಬ ಗೃಹಿಣಿಯ ಮನಸ್ಸಿನಲ್ಲಿ ನಾಗವಲ್ಲಿ ಎದ್ದು ತೆಲುಗು ಮಾತನಾಡತೊಡಗುತ್ತಾಳೆ. ದುರ್ಗಾಷ್ಟಮಿಯ ದಿನ ಸೇಡು ತೀರಿಸಿಕೊಳ್ಳಬೇಕೆಂಬುದು ಅವಳ ಸಂಕಲ್ಪ. ಕಥೆಯು ತಾನಾಗಿಯೇ ನಮ್ಮ ಆಶ್ವಯುಜ ಮಾಸಕ್ಕೆ ಬಂದು ನಿಲ್ಲುತ್ತದೆ.

ಚಿತ್ರದ ಜಾಣತನವನ್ನು ಒಪ್ಪಲೇಬೇಕು. ಇದು ಭೂತವಲ್ಲ, ಮನೋರೋಗವೆಂದು ವಿಷ್ಣುವರ್ಧನರ ಪಾತ್ರವಾದ ಮನೋವೈದ್ಯನು ನಿರ್ಣಯಿಸುತ್ತಾನೆ. ಆದರೂ ರೋಗವನ್ನು ಗುಣಪಡಿಸಲು ಅವನು ಆಚಾರ್ಯರ ಮಂಡಲ, ಮಂತ್ರಗಳ ನೆರವನ್ನು ಪಡೆಯುತ್ತಾನೆ. ಅರಸನನ್ನು ಕೊಲ್ಲುತ್ತಿದ್ದೇನೆಂದು ನಾಗವಲ್ಲಿ ನಂಬುವ ಕ್ಷಣದಲ್ಲಿ ಮನುಷ್ಯನ ಸ್ಥಳದಲ್ಲಿ ಬೊಂಬೆಯನ್ನು ಇರಿಸಿ ಅವಳ ಸೇಡು ತೀರಿತೆಂಬ ಭ್ರಮೆ ಹುಟ್ಟಿಸುತ್ತಾರೆ. ಗಂಗೆ ಗುಣವಾಗುತ್ತಾಳೆ. ಒಂದು ಕೊಲೆಯ ಮೊಕದ್ದಮೆಯಲ್ಲಿ ಫಿರ್ಯಾದಿಗೆ ಸುಳ್ಳು ತೀರ್ಪನ್ನು ಓದಿಹೇಳಿ ಮನೆಗೆ ಕಳುಹಿಸಿದಂತಾಯಿತು ಇದು. ವೈದ್ಯನ ದೃಷ್ಟಿಯಿಂದ ಸರಿಯಿರಬಹುದು, ರೋಗಿ ಬದುಕಿಕೊಂಡಳು. ಆದರೆ ಅರಸನ ಅಪರಾಧವನ್ನು ಆ ಅರಮನೆಯಲ್ಲಿ ಯಾರೂ ಅಪರಾಧವೆಂದು ಬಾಯಿಬಿಟ್ಟು ಹೇಳುವುದಿಲ್ಲ.

ಈ ಚಿತ್ರವನ್ನು ನೋಡಿದ ಸಂಜೆ ಬ್ಯಾಡಗಿಯ ವಿದ್ಯಾರ್ಥಿನಿಯೊಬ್ಬಳು, “ಸರ್, ಈ ಅರಸ ಯಾವ ಶತಮಾನದಾಂವರಿ?” ಎಂದು ಕೇಳಿದಳು. ಎಲ್ಲರೂ ನಕ್ಕರು, ಪ್ರಶ್ನೆ ಮಾತ್ರ ನಗುವಂಥದಲ್ಲ. ಚಿತ್ರದ ಅರಸನಿಗೆ ವಂಶವಿಲ್ಲ, ಶಕವಿಲ್ಲ, ಶಾಸನವಿಲ್ಲ. ಕಾಲವಿಲ್ಲದವನ ಅನ್ಯಾಯಕ್ಕೆ ಕಾರಣವೂ ಇರುವುದಿಲ್ಲ. ಅದು ಬರಿಯ ಕ್ರೌರ್ಯವಾಗಿ ಉಳಿಯುತ್ತದೆ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಡನೆ ಪ್ರಯಾಣ, ಮೇಲೆ ಶಿವಸಾನ್ನಿಧ್ಯ: ವೀರಗಲ್ಲಿನ ರೂಢಿಯ ಕ್ರಮವಿದು. ಬರೆಹವುಳ್ಳ ಕಲ್ಲುಗಳಾದರೆ ಸತ್ತವನು ಯಾರು, ಯಾವ ತುರುಗೋಳಿನಲ್ಲಿ, ಯಾರ ಆಳ್ವಿಕೆಯಲ್ಲಿ ಎಂಬುದನ್ನೂ ಹೇಳುತ್ತವೆ. ಮಾಸ್ತಿಗಲ್ಲಿನ ಸಂಗತಿ ಬೇರೆ. ಅಲ್ಲಿ ಬಳೆ ತೊಟ್ಟ ಎತ್ತಿದ ತೋಳೊಂದು ಕಾಣುತ್ತದೆ. ಬೆಂಕಿಗೆ ಇಳಿದವಳು ಏನು ಅಂದಳೋ ಕಲ್ಲು ಹೇಳುವುದಿಲ್ಲ. ಅದು ಅವಳನ್ನು ಪೂಜ್ಯಳನ್ನಾಗಿ ಮಾಡಿ ಸುಮ್ಮನಾಯಿತು. ಚಿತ್ರವು ನಾಗವಲ್ಲಿಗೆ ಮಾತು ಕೊಟ್ಟಿದೆ. ಆದರೆ ಆಕೆಯ ಮಾತನ್ನು ರೋಗದ ಲಕ್ಷಣವೆಂದು ಬರೆದುಕೊಂಡಿದೆ. ಆ ವ್ಯಾಜ್ಯ ಮುಗಿದಿರಲಿಲ್ಲವೆಂಬುದಕ್ಕೆ ಉದ್ಯಮವೇ ಸಾಕ್ಷಿ ನುಡಿಯಿತು. 2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿ ಚಿತ್ರಪಟವೊಂದರ ಮೂಲಕ ಮರಳಿದಳು, ಆ ಅರಸನೇ ಇನ್ನೂ ಜೀವಂತನಾಗಿರುವನೆಂದು ಕಥೆ ಕಲ್ಪಿಸಿತು. ಅದು ತೆರೆಗೆ ಬರುವಷ್ಟರಲ್ಲಿ ವಿಷ್ಣುವರ್ಧನರೂ ಇರಲಿಲ್ಲ.

ಇದನ್ನೆಲ್ಲ ಬರಿಯ ಕಥೆಯೆಂದು ತಳ್ಳಿಬಿಡುವವರಿಗೆ ಒಂದು ಮಾತು. ಬ್ಯಾಡಗಿಯ ಮೆಣಸಿನಕಾಯಿಯನ್ನು ಉಪ್ಪಿನೊಡನೆ ನಿವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆಯುವುದು ಮನೆಮನೆಯ ನಿರಪಾಯದ ಪದ್ಧತಿ. ಆದರೆ ಅದೇ ಮೆಣಸಿನಕಾಯಿಯ ಹೊಗೆಯನ್ನು ಮೈಮೇಲೆ ದೆವ್ವ ಬಂದಿದೆಯೆಂದು ಹೇಳಲಾದ ಹೆಂಗಸಿನ ಮುಖಕ್ಕೆ ಹಿಡಿಯುವುದೂ ನಾಡಿನಲ್ಲಿ ಇದ್ದ ಪದ್ಧತಿಯೇ. ಭೂತ ಬಿಡಿಸುವ ನೆವದಿಂದ ಹೊಡೆಯುವುದನ್ನೂ ಕಟ್ಟಿಹಾಕುವುದನ್ನೂ ಅಪರಾಧವೆಂದು ಸಾರುವ ಶಾಸನವನ್ನು ಕರ್ನಾಟಕವು 2017ರಲ್ಲಿ ಅಂಗೀಕರಿಸಿತು; ಅದು ಜಾರಿಗೆ ಬಂದುದು 2020ರಲ್ಲಿ. ಮೈಮೇಲೆ ಬರುವುದೆಂಬುದು ಅನೇಕ ವೇಳೆ ಸೊಸೆಯಾದವಳು ಮನೆಯವರೆದುರು ಎತ್ತರದ ದನಿಯಲ್ಲಿ ಮಾತನಾಡಲು ಉಳಿದಿರುವ ಒಂದೇ ದಾರಿ. ಬಿಡಿಸುವವನು ಮಂತ್ರವಾದಿಯಾಗಲಿ ವೈದ್ಯನಾಗಲಿ, ಅವಳು ಅಂದುದೇನು ಎಂದು ಮೊದಲು ಕೇಳಬೇಕೆಂಬ ವಿವೇಕವನ್ನು ನಾವು ನೋಡಿದ ಚಿತ್ರಗಳಲ್ಲಿ ಬಹಳವಾಗಿ ಕಾಣಲಿಲ್ಲ.

2013ರ ‘6-5=2’ ಇನ್ನೊಂದು ಜಾತಿಯದು. ಚಾರಣಕ್ಕೆ ಹೋದ ಗೆಳೆಯರ ಕ್ಯಾಮರಾದಲ್ಲಿ ದೊರೆತ ನಿಜವಾದ ದೃಶ್ಯಗಳೆಂದು ಅದು ತನ್ನನ್ನು ಮುಂದಿಡುತ್ತದೆ. 1999ರ ಅಮೆರಿಕದ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಹಾಕಿಕೊಟ್ಟ ಹಾದಿಯಿದು. ಕೂಟಶಾಸನಗಳನ್ನು ಪರೀಕ್ಷಿಸುವ ವೃತ್ತಿಯವರಾದ ನಮಗೆ ಇದರಲ್ಲಿ ವಿಶೇಷ ಆಸಕ್ತಿ ಹುಟ್ಟಿದುದು ಸಹಜ. ಖೊಟ್ಟಿ ತಾಮ್ರಪಟವನ್ನು ಕೊರೆಯುವವನು ಕೂಡ ಹಳೆಯ ಲಿಪಿಯನ್ನು ಶ್ರದ್ಧೆಯಿಂದ ಅನುಕರಿಸುತ್ತಾನೆ. ಇಲ್ಲಿಯೂ ನಡುಗುವ ಕ್ಯಾಮರಾ, ಅರ್ಧಕ್ಕೆ ನಿಲ್ಲುವ ಮಾತು ಅಂಥ ಅನುಕರಣೆಯ ಫಲ. ವಿದ್ಯಾರ್ಥಿಗಳಲ್ಲಿ ಇಬ್ಬರು ಅದನ್ನು ನಿಜವೆಂದೇ ನಂಬಿದ್ದರು. ಆಕರವಿಮರ್ಶೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕುವುದು ಕಷ್ಟ. ಆದರೆ ಅಲ್ಲಿಯ ಭೂತಕ್ಕೆ ದೂರೇ ಇಲ್ಲ, ಕಾಡು ಮಾತ್ರ ಇದೆ.

ಧ್ವನಿಯ ವಿಷಯದಲ್ಲಿ ಈ ಚಿತ್ರಗಳಲ್ಲಿ ಹೆಚ್ಚಿನವು ನಮ್ಮನ್ನು ದಣಿಸಿದುವು. ಬಾಗಿಲು ತೆರೆದರೆ ಡಮರು, ಬೆಕ್ಕು ಜಿಗಿದರೆ ನಗಾರಿ. ಇದೇ ಋತುವಿನಲ್ಲಿ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ವೇಳೆಗೆ ಮಾಲತೇಶನ ಕಾರಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಸಾವಿರಾರು ಜನರ ಆ ಬಯಲು ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಒಂದೇ ವಾಕ್ಯ. ಮಳೆ ಬೆಳೆಗಳ ಬಗೆಗೆ ಅದರ ಅರ್ಥವೇನೆಂದು ರೈತರು ವರ್ಷವೆಲ್ಲ ಯೋಚಿಸುತ್ತಾರೆ. ಮುಂದೆ ಬರುವ ಮಾತಿನ ಭಯವನ್ನು ಮೌನದಿಂದ ಹೇಗೆ ಕಟ್ಟಬೇಕೆಂಬುದನ್ನು ಕಲಿಯಲು ನಮ್ಮ ಸಂಗೀತ ನಿರ್ದೇಶಕರು ಒಂದು ದಿನ ಆ ಗುಡ್ಡಕ್ಕೆ ಬಂದು ನಿಲ್ಲಬಹುದು.

ನೋಡಿದವುಗಳಲ್ಲಿ ನಮಗೆ ತೃಪ್ತಿಕೊಟ್ಟುದು ಪವನ್ ಕುಮಾರ್ ಅವರ ‘ಯು ಟರ್ನ್’ (2016). ಅಲ್ಲಿ ಅರಮನೆಯಿಲ್ಲ, ಅಮಾವಾಸ್ಯೆಯಿಲ್ಲ, ಮಂತ್ರವಾದಿಯಿಲ್ಲ. ಬೆಂಗಳೂರಿನ ಒಂದು ಮೇಲುಸೇತುವೆಯಿದೆ. ಸುತ್ತಿಬರುವ ಬೇಸರಕ್ಕೆ ಬೈಕಿನವರು ರಸ್ತೆಯ ನಡುವಿನ ಕಲ್ಲನ್ನು ಸರಿಸಿ ತಿರುಗಿ ಹೋಗುತ್ತಾರೆ. ಸರಿಸಿದ ಕಲ್ಲು ಅಲ್ಲಿಯೇ ಬಿದ್ದಿರುತ್ತದೆ. ಅದರಿಂದ ಒಬ್ಬ ತಾಯಿ ಸಾಯುತ್ತಾಳೆ. ಭೂತಕ್ಕೆ ಹೆಸರಿದೆ, ಸತ್ತ ಸ್ಥಳವಿದೆ, ಕಾರಣವಿದೆ. ಶ್ರದ್ಧಾ ಶ್ರೀನಾಥ್ ಅವರು ಅಭಿನಯಿಸಿದ ಪತ್ರಿಕಾ ಕಚೇರಿಯ ಹುಡುಗಿ ಆ ಭೂತವನ್ನು ಓಡಿಸಲು ಹೋಗುವುದಿಲ್ಲ. ವಾಹನಗಳ ನೋಂದಣಿ ಸಂಖ್ಯೆಗಳನ್ನು ಬರೆಸಿಕೊಂಡು, ಪೊಲೀಸರನ್ನು ಕಂಡು, ಸತ್ತವರ ವಿವರಗಳನ್ನು ಒಂದೊಂದಾಗಿ ಜೋಡಿಸುತ್ತಾಳೆ. ನಮ್ಮ ವೃತ್ತಿಯವರು ದಾಖಲೆಗಳ ಕೋಣೆಯಲ್ಲಿ ಮಾಡುವ ಕೆಲಸವೇ ಅದು. ಚಿತ್ರ ಮುಗಿದಮೇಲೆ ರಾಣೆಬೆನ್ನೂರಿನ ಹುಡುಗನೊಬ್ಬ ತಮ್ಮೂರಿನ ಹತ್ತಿರ ಹೆದ್ದಾರಿಯ ನಡುಗಟ್ಟೆಯನ್ನು ಒಡೆದು ಬೈಕು ದಾಟಿಸುವ ಕಿಂಡಿಯ ವಿಷಯ ಹೇಳಿದನು. ಅಲ್ಲಿ ಸತ್ತವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡು ಹೆಸರು ಹೇಳಿದನು.